ತೊಂಬತ್ತು ಸೆಂಟಿಮೀಟರ್ ಆಳದ ಹಸಿ

ಮಣ್ಣಿನ ಮಾದರಿ ತೆಗೆಯುವ ಆಗರ್ ಹಿಡಿದು ತಿರುಗಿಸಿದವರಿಗೆ ಗೊತ್ತು, ಎರೆಭೂಮಿ ಮೊದಲ ಒಂದು ಗೇಣನ್ನು ಸಲೀಸಾಗಿ ಬಿಟ್ಟುಕೊಡುತ್ತದೆ. ಆಮೇಲೆ ರಟ್ಟೆಯ ಕಸುವು ಕೇಳುತ್ತದೆ. ವಿಜಯಪುರದ ಕೃಷಿ ಕಾಲೇಜಿರುವ ಹಿಟ್ಟಿನಹಳ್ಳಿ ಫಾರ್ಮಿನಲ್ಲಿ ನಾನು ಕಳೆದ ವರ್ಷಗಳನ್ನು ನೆನೆದಾಗಲೆಲ್ಲ ಮೊದಲು ನೆನಪಾಗುವುದು ತರಗತಿಯೂ ಅಲ್ಲ, ಹಾಸ್ಟೆಲ್ಲೂ ಅಲ್ಲ. ಅಂಗೈಯಲ್ಲಿ ಬೊಬ್ಬೆ ಎಬ್ಬಿಸಿದ ಆ ಕಬ್ಬಿಣದ ಹಿಡಿ.

1996ರಲ್ಲಿ ಇಲ್ಲಿ ಬಿ.ಎಸ್ಸಿ. ಕೃಷಿ ಪದವಿಗೆ ಸೇರಿದೆ. ಆಗ ಊರಿನ ಹೆಸರು ಬಿಜಾಪುರ. ವಿಜಯಪುರ ಆದದ್ದು 2014ರಲ್ಲಿ. ಸಿಂದಗಿ ತಾಲ್ಲೂಕಿನ ಒಣಬೇಸಾಯದ ಮನೆಯಿಂದ ಬಂದವಳು ನಾನು. ಎಪ್ಪತ್ತೆರಡರ ಬರದಲ್ಲಿ ಅಪ್ಪ ಬರಗಾಲದ ಕಾಮಗಾರಿಗೆ ಹೋಗಿ ಕಲ್ಲು ಒಡೆದಿದ್ದರು. ನನಗೆ ನೀರಾವರಿ ಎಂಬುದು ಬೇರೆಯವರ ಊರಿನ ಮಾತು. ಮುಂಗಾರಿಯಲ್ಲಿ ಹೊಲವನ್ನು ಹರಗಿ ಹರಗಿ ಬಿಡುವುದು, ಉತ್ತರಿ ಮಳೆ ಬಂದರೆ ಬಿಳಿಜೋಳ ಬಿತ್ತುವುದು, ಆಮೇಲೆ ಮೇಲಿನ ಮಳೆಯ ಹಂಗಿಲ್ಲದೆ ನೆಲದೊಳಗಿನ ಹಸಿಯಲ್ಲೇ ಬೆಳೆ ತೆನೆ ಕಟ್ಟುವುದು. ಇದನ್ನು ಕಂಡೇ ಬೆಳೆದಿದ್ದೆ. ಆದರೆ ಆ ಹಸಿಯನ್ನು ಅಳೆಯಬಹುದು, ಅದಕ್ಕೊಂದು ಲೆಕ್ಕವಿದೆ ಎಂದು ತಿಳಿದದ್ದು ಇಲ್ಲಿ.

ಬೇಸಾಯಶಾಸ್ತ್ರ ಹೇಳುತ್ತಿದ್ದ ನಮ್ಮ ಸರ್ ತರಗತಿಗೆ ಬಂದವರೇ ಕಪ್ಪುಹಲಗೆಯ ಮೂಲೆಯಲ್ಲಿ ಆ ದಿನ ಬೆಳಗಿನ 8.30ರ ಮಳೆ ಅಂಕಿ ಬರೆಯುತ್ತಿದ್ದರು. ಮಳೆ ಬಾರದ ದಿನವೂ ಬರೆಯುತ್ತಿದ್ದರು, ಸೊನ್ನೆ ಎಂದು. ಜುಲೈ ಪೂರ್ತಿ ಸೊನ್ನೆಗಳನ್ನೇ ನೋಡಿದ ವರ್ಷವೂ ಉಂಟು. ಈ ಸೀಮೆಗೆ ವರ್ಷಕ್ಕೆ ಸರಾಸರಿ ಬೀಳುವುದೇ 600 ಮಿಲಿಮೀಟರಿಗೆ ತುಸು ಕಡಿಮೆ, ಅದರಲ್ಲಿ ದೊಡ್ಡ ಪಾಲು ಸೆಪ್ಟೆಂಬರಿನದು. ಅಂದರೆ ಹೊಲ ಬರಿದಾಗಿ ಬಿದ್ದಿರುವಾಗಲೇ ಮಳೆಯ ಬಹುಪಾಲು ಬಂದು ಹೋಗುತ್ತದೆ. ಅದನ್ನು ಬಿದ್ದಲ್ಲೇ ಹಿಡಿದು ನೆಲಕ್ಕೆ ಇಳಿಸುವುದು ಹೇಗೆ? ನಾವು ಓದಿದ ಬೇರೆಲ್ಲ ಪಾಠಗಳೂ ಸುತ್ತಿ ಬಳಸಿ ಈ ಒಂದು ಪ್ರಶ್ನೆಗೇ ಬಂದು ನಿಲ್ಲುತ್ತಿದ್ದವು.

ಈ ಪ್ರಶ್ನೆ ಇಲ್ಲಿ ಹಳೆಯದು. 1933ರಿಂದ 1935ರ ನಡುವೆ ದೇಶದಲ್ಲಿ ಒಣಬೇಸಾಯಕ್ಕೆಂದೇ ಐದು ಸಂಶೋಧನಾ ಕೇಂದ್ರಗಳು ಆರಂಭವಾದವು: ಸೊಲ್ಲಾಪುರ, ಬಿಜಾಪುರ, ಹಗರಿ, ರಾಯಚೂರು, ರೋಹ್ಟಕ್. ಐದರಲ್ಲಿ ಮೂರು ಇಂದಿನ ಕರ್ನಾಟಕದಲ್ಲಿವೆ. ಆಗ ಮುಂಬೈ ಪ್ರಾಂತದ ಕಡೆ ಎನ್.ವಿ. ಕಾನಿಟ್ಕರ್ ಅವರ ಮುಂದಾಳತ್ವದಲ್ಲಿ ಹೊರಟ ಶಿಫಾರಸುಗಳನ್ನು ಸರ್ ನಮಗೆ ಬಾಯಿಪಾಠ ಮಾಡಿಸಿದ್ದರು: ಒಡ್ಡು ಹಾಕುವುದು, ಕೆಲವು ವರ್ಷಕ್ಕೊಮ್ಮೆ ಆಳವಾಗಿ ರಂಟೆ ಹೊಡೆಯುವುದು, ಕೊಟ್ಟಿಗೆ ಗೊಬ್ಬರ, ಸಾಲುಗಳ ಅಂತರ ಹಿಗ್ಗಿಸಿ ಬೀಜದ ಪ್ರಮಾಣ ತಗ್ಗಿಸುವುದು, ಮತ್ತೆ ಮತ್ತೆ ಎಡೆ ಹೊಡೆಯುವುದು. ಇಳುವರಿಯನ್ನು ದಿಢೀರನೆ ಏರಿಸುವಂಥವಲ್ಲ ಇವು. ಆದರೂ ಬರದ ಸೀಮೆಯಲ್ಲಿ ರೈತನನ್ನು ಉಳಿಸುವ ಕೆಲಸವನ್ನು ಅಂದಿನವರು ಮಣ್ಣಿನಿಂದಲೇ ಶುರುಮಾಡಿದರಲ್ಲ, ಅದರ ಬಗ್ಗೆ ನನಗೆ ಇಂದಿಗೂ ಗೌರವ. 1970ರಲ್ಲಿ ಆರಂಭವಾದ ಅಖಿಲ ಭಾರತ ಸಮನ್ವಿತ ಒಣಬೇಸಾಯ ಸಂಶೋಧನಾ ಯೋಜನೆಯ ಕೇಂದ್ರವೂ ನಮ್ಮ ಫಾರ್ಮಿನಲ್ಲಿ ನೆಲೆಗೊಂಡಿತು.

ಸ್ನಾತಕೋತ್ತರ ಪದವಿಗೆ ಧಾರವಾಡಕ್ಕೆ ಹೋದರೂ ಪ್ರಯೋಗಕ್ಕೆ ಹಿಟ್ಟಿನಹಳ್ಳಿಗೇ ಮರಳಿದೆ. ವಿಷಯ ಚೌಕುಮಡಿ. ಜೂನ್ ಹೊತ್ತಿಗೆ ಹೊಲದ ಉದ್ದಗಲಕ್ಕೆ ಸಣ್ಣ ಬದುಗಳನ್ನು ಎತ್ತಿ, ಇಡೀ ಹೊಲವನ್ನು ಚದುರಂಗದ ಮಣೆಯಂತೆ ಚೌಕಗಳಾಗಿ ಮಾಡಿಬಿಡುವುದು. ನಮ್ಮ ತಾಕುಗಳಲ್ಲಿ ಒಂದೊಂದು ಚೌಕ ಹತ್ತಡಿ. ಬಿದ್ದ ಮಳೆ ಆಯಾ ಚೌಕದಲ್ಲೇ ನಿಂತು ಇಂಗುತ್ತದೆ. ಬಿತ್ತನೆಯ ಹೊತ್ತಿಗೆ ಬದುಗಳನ್ನು ಹರಗಿ ಸಮ ಮಾಡಿ ಕೂರಿಗೆ ಹೂಡುವುದು. ಹೋಲಿಕೆಗೆ ಚೌಕುಮಡಿ ಇಲ್ಲದ ತಾಕುಗಳೂ ಇದ್ದವು. ಬೆಳೆ ಮಾಲದಂಡಿ ಜೋಳ, ಅಂದರೆ ಎಂ 35-1 ತಳಿ. ನೆಲದ ಹಸಿಯನ್ನೇ ನೆಚ್ಚಿ ಬದುಕುವ ಜೋಳ ಅದು. ಅದರ ರೊಟ್ಟಿಯ ರುಚಿ ಬಲ್ಲವರಿಗೆ ಹೆಚ್ಚು ಹೇಳಬೇಕಿಲ್ಲ.

ಹದಿನೈದು ದಿನಕ್ಕೊಮ್ಮೆ ಪ್ರತಿ ತಾಕಿನಲ್ಲಿ ನಾಲ್ಕು ಆಳಗಳಿಂದ ಮಣ್ಣು ತೆಗೆಯಬೇಕು: 15, 30, 60, 90 ಸೆಂಟಿಮೀಟರ್. ತೆಗೆದ ಮಣ್ಣನ್ನು ತಕ್ಷಣ ಅಲ್ಯೂಮಿನಿಯಂ ಡಬ್ಬಿಗೆ ಹಾಕಿ ಮುಚ್ಚಳ ಬಿಗಿದು, ತೂಕ ಮಾಡಿ, 105 ಡಿಗ್ರಿ ಸೆಲ್ಸಿಯಸ್ ಒಲೆಯಲ್ಲಿ 24 ಗಂಟೆ ಒಣಗಿಸಿ, ಮತ್ತೆ ತೂಕ ಮಾಡಬೇಕು. ಕಳೆದುಹೋದ ತೂಕವೇ ನೀರು. ಅದನ್ನು ಒಣಮಣ್ಣಿನ ತೂಕದಿಂದ ಭಾಗಿಸಿ ನೂರರಿಂದ ಗುಣಿಸಿದರೆ ತೇವಾಂಶ. ಒಲೆಯ ಬಾಗಿಲು ತೆರೆದಾಗ ಮುಖಕ್ಕೆ ಹೊಡೆಯುತ್ತಿದ್ದ ಆ ಬಿಸಿ, ಸುಟ್ಟ ಮಣ್ಣಿನ ಆ ವಾಸನೆ ನನ್ನ ದುಪಟ್ಟಾದಿಂದ ಎಂದೂ ಹೋಗಲಿಲ್ಲ.

ಈ ಲೆಕ್ಕದಲ್ಲಿ ಒಂದು ಸೂಕ್ಷ್ಮವಿದೆ. ಕೆಂಪು ಮಸಾರಿ ಮಣ್ಣಿನಲ್ಲಿ ಶೇ 10 ತೇವವಿದ್ದರೂ ಬೆಳೆ ನಗುತ್ತಿರುತ್ತದೆ. ನಮ್ಮ ಎರೆಯಲ್ಲಿ ಶೇ 20ರ ಆಸುಪಾಸಿಗೆ ಬಂದರೆ ಎಲೆ ಸುರುಳಿಕೊಳ್ಳತೊಡಗುತ್ತದೆ. ಜೇಡಿ ನೀರನ್ನು ಅಷ್ಟು ಬಿಗಿಯಾಗಿ ಹಿಡಿದಿಟ್ಟುಕೊಳ್ಳುತ್ತದೆ. ಇದ್ದರೂ ಬೇರಿಗೆ ದಕ್ಕುವುದಿಲ್ಲ. ಫಾರ್ಮಿನಲ್ಲಿ ದುಡಿಯುತ್ತಿದ್ದ ಹಿರಿಯರೊಬ್ಬರಿದ್ದರು, ನಾವೆಲ್ಲ ಕಾಕಾ ಎನ್ನುತ್ತಿದ್ದೆವು. ಅವರು ಆಗರಿನ ತುದಿಯ ಮಣ್ಣನ್ನು ಮುಷ್ಟಿಯಲ್ಲಿ ಒತ್ತಿ ಉಂಡೆ ಮಾಡಿ, ಹೆಬ್ಬೆರಳಿನಿಂದ ಸೀಳಿ ನೋಡಿ, "ಇದು ಬೆಳೆಯ ನೀರಲ್ಲ ತಂಗಿ, ಮಣ್ಣಿನದೇ ನೀರು" ಎನ್ನುತ್ತಿದ್ದರು. ಮರುದಿನ ನನ್ನ ತಕ್ಕಡಿಯೂ ಅದನ್ನೇ ಹೇಳುತ್ತಿತ್ತು.

ನವೆಂಬರಿನ ಒಂದು ಸಂಜೆಯ ವಿಷಯ ಹೇಳಲೇಬೇಕು. ಅಂದು ಕಾಕಾ ಇರಲಿಲ್ಲ. ಚೌಕುಮಡಿ ಇಲ್ಲದ ಒಂದು ತಾಕಿನಲ್ಲಿ ಆಗರ್ ಎರಡಡಿ ಇಳಿದು ಕಚ್ಚಿಕೊಂಡಿತು. ನಡುವಿನ ಪದರ ಕಲ್ಲಿನಂತೆ ಗಟ್ಟಿ. ಕತ್ತಲಾಗುತ್ತಿತ್ತು, ಕೈ ಸೋತಿತ್ತು. ಬದು ಇಲ್ಲದ ತಾಕಿನಲ್ಲಿ ನೀರು ಅಷ್ಟು ಆಳಕ್ಕೆ ಇಳಿದಿರಲಾರದು ಎಂದು ಎಣಿಸಿ, ಕೊನೆಯ ಆಳದ ಕಲಮಿನಲ್ಲಿ ಮೇಲಿನದಕ್ಕೆ ಹೊಂದುವಂಥ ಒಂದು ಅಂಕಿ ಬರೆದುಬಿಟ್ಟೆ.

ಸರ್ ವಾರದ ನಂತರ ರಿಜಿಸ್ಟರ್ ನೋಡಿದರು. ಆ ಸಾಲಿನ ಮೇಲೆ ಬೆರಳಿಟ್ಟರು. ಹಸಿತೂಕ, ಒಣತೂಕದ ಕಲಮುಗಳು ಖಾಲಿ, ತೇವಾಂಶ ಮಾತ್ರ ತುಂಬಿತ್ತು. "ಈ ಅಂಕಿ ಹೇಳಿದ್ದು ಮಣ್ಣೋ, ನೀನೋ?" ಎಂದು ಕೇಳಿದರು. ಬೈಯಲಿಲ್ಲ. ನನ್ನ ಗಂಟಲು ಕಟ್ಟಿತ್ತು. ಅಂಕಿಯ ಮೇಲೆ ಒಂದು ಗೆರೆ ಎಳೆದು ಪಕ್ಕದಲ್ಲಿ "ತೆಗೆದಿಲ್ಲ" ಎಂದು ಬರೆದು ಸಹಿ ಮಾಡಿದರು. "ನಾಳೆ ಅಲ್ಲಿ ಗುಂಡಿ ತೋಡಿಸು, ನಾನೂ ಬರುತ್ತೇನೆ."

ಮರುದಿನ ಕಾಕಾ ಸಾಲಿನ ನಡುವೆ ಎದೆಮಟ್ಟದ ಗುಂಡಿ ತೆಗೆದರು. ಗುಂಡಿಯ ಗೋಡೆ ಕೆರೆದಾಗ ಕಂಡದ್ದನ್ನು ನಾನು ಮರೆಯಲಾರೆ. ಬೇಸಗೆಯಲ್ಲಿ ಬಾಯಿಬಿಟ್ಟಿದ್ದ ಬಿರುಕೊಂದು ಮೇಲಿನಿಂದ ನೇರ ಕೆಳಗಿಳಿದಿತ್ತು. ಈಗ ಮುಚ್ಚಿಕೊಂಡಿದ್ದರೂ ಜಾಡು ಅಳಿಸಿರಲಿಲ್ಲ: ಮೇಲ್ಮಣ್ಣಿನ ಹರಳು, ಹಿಂದಿನ ವರ್ಷದ ಜೋಳದ ಕೂಳೆಯ ಚೂರುಗಳು ಮೂರಡಿ ಆಳದಲ್ಲಿ ಸಿಕ್ಕವು. ಎಡಬಲದ ನಡುಪದರ ಒಣಗಿ ಗಟ್ಟಿಯಾಗಿತ್ತು, ಅದರ ಕೆಳಗೆ ಮಣ್ಣು ಕಪ್ಪಗೆ ಹಸಿ. ಜೋಳದ ಬೇರುಗಳು ಗಟ್ಟಿ ಪದರವನ್ನು ಬಿಟ್ಟು, ಬಿರುಕಿನ ಗೋಡೆಗುಂಟ ಜಡೆಯಂತೆ ಇಳಿದು ಆ ಹಸಿಯನ್ನು ಮುಟ್ಟಿದ್ದವು. "ಭೂಮಿ ಬಾಯಿ ತೆರೆದಿದ್ದಾಗ ಕುಡಿದದ್ದು" ಎಂದರು ಕಾಕಾ.

ಸರ್ ಗುಂಡಿಯಲ್ಲಿ ಕುಳಿತೇ ಪಾಠ ಮಾಡಿದರು. ಒಣಗಿದ ಎರೆಯ ಮೇಲೆ ಬಿದ್ದ ಮೊದಲ ದೊಡ್ಡ ಮಳೆ ಬಿರುಕಿನೊಳಗೆ ಸುರಿದು ಆಳಕ್ಕೆ ಹೋಗುತ್ತದೆ. ನೀರು ಕುಡಿದ ಜೇಡಿ ಉಬ್ಬಿ ಬಿರುಕು ಮುಚ್ಚಿದ ಮೇಲೆ ಇಂಗುವುದು ತೀರಾ ನಿಧಾನ. ಅಲ್ಲಿಂದಾಚೆಗಿನ ಮಳೆಯೇ ಮಣ್ಣನ್ನೂ ಕೊಚ್ಚಿಕೊಂಡು ಹಳ್ಳ ಸೇರುವುದು. ಚೌಕುಮಡಿಯ ನಿಜವಾದ ಕೆಲಸವೂ ಆಗಲೇ. ನಾನು ಬರೆದಿದ್ದ ಅಂಕಿ ನನ್ನ ಪ್ರಬಂಧಕ್ಕೆ ಅನುಕೂಲವಾಗಿತ್ತು, ಚೌಕುಮಡಿ ಇಲ್ಲದ ತಾಕನ್ನು ಇದ್ದುದಕ್ಕಿಂತ ಒಣ ಎಂದು ತೋರಿಸುತ್ತಿತ್ತು. ಅದು ಹಾಗೆಯೇ ಉಳಿದಿದ್ದರೆ ಆ ಬಿರುಕನ್ನು ಯಾರೂ ನೋಡುತ್ತಿರಲಿಲ್ಲ. ಅದೇ ಪ್ರಯೋಗವನ್ನು ಮತ್ತೆ ಮಾಡಿದ ಉಳಿದ ತಾಕುಗಳಲ್ಲಿ, ಅಂದರೆ ಪುನರಾವರ್ತನೆಗಳಲ್ಲಿ, ಚೌಕುಮಡಿಯ ತಾಕುಗಳೇ ಹೆಚ್ಚು ಹಸಿಯಾಗಿದ್ದವು. ಆದರೂ ನನ್ನ ಪ್ರಬಂಧದಲ್ಲಿ ನಾನು ಇಂದಿಗೂ ಹೆಮ್ಮೆಪಡುವುದು ಆ ಒಂದು ಗುಂಡಿಯ ಬಗ್ಗೆ ಬರೆದ ಅರ್ಧ ಪುಟಕ್ಕೆ.

ಈಗ ನಮ್ಮ ಕಡೆ ಜೋಳದ ಹೊಲಗಳು ಕುಗ್ಗಿವೆ. ಮುಂಗಾರಿಯಲ್ಲೇ ತೊಗರಿ ಬಿತ್ತುತ್ತಾರೆ, ಕಾಲುವೆ ಬಂದಲ್ಲಿ ಕಬ್ಬು. ಇಲ್ಲಿನ ಡೋಣಿ ಹೊಳೆಯ ಸೀಮೆಯ ಬಗೆಗಿನ "ಡೋಣಿ ಬೆಳೆದರೆ ಓಣಿಯೆಲ್ಲ ಜೋಳ" ಎಂಬ ಮಾತನ್ನು ಮಕ್ಕಳಿಗೆ ಬಿಡಿಸಿ ಹೇಳಬೇಕಾಗಿದೆ. ರೈತರು ಲಾಭದ ಬೆಳೆಗೆ ಹೋಗುವುದನ್ನು ನಾನು ತಪ್ಪೆನ್ನುವುದಿಲ್ಲ. ತೊಗರಿಗೂ ಬೇಕಾದದ್ದು ಅದೇ ಆಳದ ಹಸಿ ಎಂಬುದಷ್ಟೇ ನನ್ನ ಕಳಕಳಿ. ಬೆಳೆ ಬದಲಾಯಿತೆಂದು ಬದು ಅಳಿಸಿಬಿಟ್ಟ ಹೊಲಗಳನ್ನು ಕಂಡರೆ ಸಂಕಟವಾಗುತ್ತದೆ.

ಪ್ರಬಂಧ ಮುಗಿದ ಮೇಲೆ ಅಪ್ಪನನ್ನು ಒಪ್ಪಿಸಿ ಎರಡು ಎಕರೆಗೆ ಚೌಕುಮಡಿ ಹಾಕಿಸಿದೆ. ಅದು 2003, ಬರದ ವರ್ಷ. ಚೌಕದಲ್ಲಿ ಹಿಡಿದಿಡಲು ಮೊದಲು ಮಳೆ ಬರಬೇಕಲ್ಲ. ಚೌಕುಮಡಿಯ ಹೊಲದಲ್ಲೂ ಕಾಳು ಕಟ್ಟಲಿಲ್ಲ, ಎತ್ತುಗಳಿಗೆ ಒಂದಿಷ್ಟು ಕಣಿಕೆ ಸಿಕ್ಕಿತು. ಅಪ್ಪನಿಗೆ ಮುಖ ತೋರಿಸಲಾಗದೆ ಬಹಳ ದಿನ ಊರಿಗೆ ಹೋಗಲಿಲ್ಲ.

ಮರುವರ್ಷ ಜೂನಿನಲ್ಲಿ ಹೋದಾಗ ಇಡೀ ಹೊಲ ಚೌಕ ಚೌಕವಾಗಿತ್ತು. ನಾನು ಹೇಳಿರಲಿಲ್ಲ, ಕೇಳಲೂ ಇಲ್ಲ. ಅಪ್ಪ ಹೊಲದ ನಡುವಿನ ಒಂದು ಬಿರುಕಿನ ಬಳಿ ಕುಕ್ಕರಗಾಲಲ್ಲಿ ಕುಳಿತು ಜೋಳದ ದಂಟೊಂದನ್ನು ಮೆಲ್ಲಗೆ ಒಳಗಿಳಿಸಿದರು. ತಳ ಮುಟ್ಟಿದಲ್ಲಿ ಉಗುರಿನಿಂದ ಗುರುತು ಮಾಡಿ, ಹೊರಗೆಳೆದು, ತೋಳಿಗೆ ಹಿಡಿದು ಅಳತೆ ಮಾಡಿದರು. ಎರಡು ಮೊಳಕ್ಕೆ ನಾಲ್ಕು ಬೆರಳು ಕಡಿಮೆ.

"ಬರೆದುಕೋ" ಎಂದರು.