ಡಯೋಡ್ ಲೇಸರ್: ಗ್ರಾಫಿನಲ್ಲಿ ಹೊಸ್ತಿಲು ಕಾಣಿಸಿತು

ಕೆಂಪು ಲೇಸರ್ ಡಯೋಡಿನ ಕೆಲಸ ಕೊನೆಗೂ ಅಳತೆಯ ಹಂತಕ್ಕೆ ಬಂದಿದೆ. ಸ್ಥಿರ ವಿದ್ಯುತ್ ಪ್ರವಾಹ ಕೊಡುವ ಸರ್ಕ್ಯೂಟ್ ಈಗ ನೆಟ್ಟಗಿದೆ. ಸ್ವಿಚ್ ಹಾಕಿದಾಗ ಪ್ರವಾಹ ದಿಢೀರನೆ ಜಿಗಿಯದೆ ನಿಧಾನವಾಗಿ ಏರುತ್ತದೆ. ಕಣ್ಣೆವೆ ಮಿಟುಕಿಸುವುದರೊಳಗೆ ಮಿತಿ ಮೀರಿದರೂ ಈ ಡಯೋಡುಗಳು ಸತ್ತುಹೋಗುತ್ತವೆ. ಸತ್ತ ಮೇಲೂ ಎಲ್‌ಇಡಿಯ ಹಾಗೆ ಮಂಕಾಗಿ ಉರಿಯುತ್ತ ಬದುಕಿರುವಂತೆ ನಟಿಸುವುದು ಇವುಗಳ ಕೆಟ್ಟ ಚಾಳಿ.

ಡಯೋಡು 650 ನ್ಯಾನೋಮೀಟರಿನದು, ಗರಿಷ್ಠ 5 ಮಿಲಿವಾಟ್. ಎದುರಿಗೆ ಬೆಳಕನ್ನು ವಿದ್ಯುತ್ತಾಗಿಸಿ ಅಳೆಯಲು ಫೋಟೋಡಯೋಡ್, ಅದಕ್ಕೊಂದು ರೆಸಿಸ್ಟರ್, ಮಲ್ಟಿಮೀಟರ್. ಕಿರಣ ಕಣ್ಣಿನ ಎತ್ತರಕ್ಕೆ ಬರದಂತೆ, ಮೇಜಿನಾಚೆ ಹೋಗದಂತೆ ಕಪ್ಪು ತಡೆ.

ಪ್ರವಾಹವನ್ನು ಒಂದೊಂದೇ ಮಿಲಿಆಂಪಿಯರ್ ಏರಿಸುತ್ತ ಹೋದೆ. 20ರವರೆಗೂ ಬೆಳಕಿನ ಗ್ರಾಫ್ ಹೆಚ್ಚುಕಡಿಮೆ ಮಲಗಿಯೇ ಇತ್ತು. 22ರ ಹತ್ತಿರ ತಲೆ ಎತ್ತಿತು, ಅಲ್ಲಿಂದ ಮುಂದೆ ನೇರ ಏರು. ಲೇಸರ್ ಶುರುವಾಗುವ ಈ ತಿರುವೇ ಹೊಸ್ತಿಲು. ಬರೀ ಬೆಳಕು ಹೆಚ್ಚಿದ್ದಲ್ಲ, ಬೆಳಕಿನ ಸ್ವಭಾವವೇ ಬದಲಾಗಿತ್ತು. ಹೊಸ್ತಿಲಿನ ಕೆಳಗೆ ಪೋಲರಾಯ್ಡ್ ಹಾಳೆಯನ್ನು (ಒಂದೇ ದಿಕ್ಕಿನ ಕಂಪನದ ಬೆಳಕನ್ನಷ್ಟೇ ಬಿಡುವ ಹಾಳೆ) ಹೇಗೆ ತಿರುಗಿಸಿದರೂ ಮೀಟರು ಅಷ್ಟಾಗಿ ಅಲುಗಲಿಲ್ಲ. ಹೊಸ್ತಿಲು ದಾಟಿದ ಮೇಲೆ, ಒಂದು ಕೋನದಲ್ಲಿ ಬೆಳಕು ಬಹುಪಾಲು ಅಡಗಿಹೋಯಿತು. ಕಾಗದದ ಮೇಲೆ ಹರಡಿದ್ದ ನಯವಾದ ಕೆಂಪು ಮಸುಕು ಒಡೆದು ಹರಳುಹರಳಾಗಿ ಮಿನುಗತೊಡಗಿತು. ತಲೆ ಅಲುಗಿಸಿದರೆ ಆ ಚುಕ್ಕೆಗಳೂ ಸರಿದಾಡುತ್ತವೆ.

ಆ ತಿರುವಿನಲ್ಲಿ ನಡೆಯುವುದೇನು? ಹೊಸ್ತಿಲಿಗಿಂತ ಕೆಳಗಿದ್ದಾಗ ಎಲೆಕ್ಟ್ರಾನ್‌ಗಳು ತೋಚಿದಾಗ ಶಕ್ತಿಯ ಕೆಳಮಟ್ಟಕ್ಕಿಳಿದು ತೋಚಿದ ದಿಕ್ಕಿಗೆ ಫೋಟಾನ್, ಅಂದರೆ ಬೆಳಕಿನ ಕಣ, ಬಿಡುತ್ತವೆ. ಹಾದುಹೋಗುವ ಫೋಟಾನ್ ತನ್ನದೇ ತರಂಗಾಂತರದ, ತನ್ನದೇ ದಿಕ್ಕಿನ ಇನ್ನೊಂದನ್ನು ಹೊರಡಿಸಬಲ್ಲದು. ಈ ಪ್ರಚೋದಿತ ಉತ್ಸರ್ಜನೆಯನ್ನು ಐನ್‌ಸ್ಟೈನ್ 1916–17ರಲ್ಲೇ ವಿವರಿಸಿದ್ದರು. ಅದೇ ಫೋಟಾನನ್ನು ಕೆಳಮಟ್ಟದ ಎಲೆಕ್ಟ್ರಾನ್ ನುಂಗಿಬಿಡಲೂಬಹುದು. ಮೇಲಿನ ಮಟ್ಟದಲ್ಲಿರುವ ಎಲೆಕ್ಟ್ರಾನ್‌ಗಳ ಪಾಲು ಹೆಚ್ಚಾದಾಗ ಮಾತ್ರ ಬೆಳಕು ಬೆಳೆಯುತ್ತದೆ. ವಿವರಣೆಗಳು ಸಾಮಾನ್ಯವಾಗಿ ಇಲ್ಲಿಗೇ ನಿಂತುಬಿಡುತ್ತವೆ, ನನಗೆ ಅದು ಸಾಲದು. ಬೆಳೆದದ್ದು ಸೋರಿಹೋದದ್ದನ್ನು ಸರಿದೂಗಿಸಬೇಕಲ್ಲ!

ಡಯೋಡಿನಲ್ಲಿ ಕನ್ನಡಿಯ ಕೆಲಸ ಮಾಡುವುದು ಹರಳಿನ ಸೀಳಿದ ತುದಿಗಳೇ. ಹರಳಿನ ವಕ್ರೀಭವನ ಸೂಚ್ಯಂಕ (ಬೆಳಕನ್ನು ಎಷ್ಟು ಬಾಗಿಸುತ್ತದೆ ಎಂಬ ಅಳತೆ) ಸುಮಾರು 3.5 ಎಂದಿಟ್ಟುಕೊಂಡರೆ, ಲೇಪನವಿಲ್ಲದ ತುದಿ ಹಿಂದಕ್ಕೆ ಕಳುಹಿಸುವುದು ಶೇ 30ರಷ್ಟು ಬೆಳಕನ್ನು ಮಾತ್ರ. ಉಳಿದ ಶೇ 70 ಹೊರಕ್ಕೆ. ಹಾಗಾಗಿ ಮಿಲಿಮೀಟರಿಗಿಂತ ಚಿಕ್ಕದಾದ ಹರಳನ್ನು ಒಮ್ಮೆ ದಾಟುವಷ್ಟರಲ್ಲಿ ಬೆಳಕು ಮೂರು ಪಟ್ಟು ಮೀರಬೇಕು. ಹೀಲಿಯಂ-ನಿಯಾನ್ ಅನಿಲದ ಲೇಸರ್ ಕೊಳವೆಯಲ್ಲಿ ಒಂದು ಸುತ್ತಿನಲ್ಲಿ ಕೆಲವೇ ಶೇಕಡಾ ಬೆಳೆಯುವುದರಿಂದ ಅಲ್ಲಿ ಶೇ 99ರ ಆಸುಪಾಸಿನ ಕನ್ನಡಿಗಳೇ ಬೇಕು. 22 ಮಿಲಿಆಂಪಿಯರ್ ಎಂದರೆ ನನ್ನ ಡಯೋಡಿನಲ್ಲಿ ಗಳಿಕೆ ಮತ್ತು ಸೋರಿಕೆ ಸಮವಾದ ಜಾಗ. ಅದನ್ನು ದಾಟಿದ ಮೇಲೆ ಗಳಿಕೆ ಹೆಚ್ಚೂಕಡಿಮೆ ಅಲ್ಲೇ ನಿಲ್ಲುತ್ತದೆ. ಹೆಚ್ಚುವರಿ ಎಲೆಕ್ಟ್ರಾನ್‌ಗಳಲ್ಲಿ ಬಹುಪಾಲು ಕಿರಣಕ್ಕೇ ಸೇರುತ್ತವೆ. ಗ್ರಾಫ್ ನೇರವಾಗಿ ಏರುವುದು ಅದಕ್ಕೇ.

ಡಯೋಡು ಬಿಸಿಯಾದ ಮೇಲೆ ಮತ್ತೆ ಅಳೆದೆ: ಹೊಸ್ತಿಲು 25ಕ್ಕೆ ಸರಿದಿದೆ. ಆದ್ದರಿಂದ ಮೊದಲು ಪೆಲ್ಟಿಯರ್ ತುಣುಕು (ವಿದ್ಯುತ್ತಿನಿಂದ ತಂಪಾಗಿಸುವ ಸಾಧನ) ಅಂಟಿಸಿ ತಾಪಮಾನವನ್ನು ಕಟ್ಟಿಹಾಕಬೇಕು. ಆಮೇಲೆ ತರಂಗಾಂತರದ ಅಳತೆ. ಸಿ.ಡಿ.ಯ ಸಾಲುಗೆರೆಗಳು ಕಿರಣವನ್ನು ತರಂಗಾಂತರಕ್ಕೆ ತಕ್ಕ ಕೋನದಲ್ಲಿ ಪಕ್ಕಕ್ಕೆ ತಿರುಗಿಸುತ್ತವೆ. ಸಿ.ಡಿ.ಯ ಗೆರೆಗಳ ನಡುವಿನ ಅಂತರ 1.6 ಮೈಕ್ರೋಮೀಟರ್, ಕಿರಣ ನೇರವಾಗಿ ಬಿದ್ದರೆ ಮೊದಲ ಪಕ್ಕದ ಚುಕ್ಕೆ 24 ಡಿಗ್ರಿಯ ಹತ್ತಿರ ಕಾಣಬೇಕು.