ಕ್ಯಾಮೆರಾ ಕೆಳಗಿಡದವರು

ಸಿನಿಮಾ ಮಾಡಲು ಹೊರಟ ತಂಡ ಒಬ್ಬೊಬ್ಬರಾಗಿ ಸಾಯುತ್ತಾ ಹೋಗುವ ಹಾರರ್ ಕಥೆಗಳು ನನಗೆ ತುಂಬಾ ಇಷ್ಟ. ಆದರೆ ಅವುಗಳಲ್ಲಿ ದೆವ್ವಕ್ಕಿಂತ ಜಾಸ್ತಿ ಭಯ ಹುಟ್ಟಿಸುವುದು ಕ್ಯಾಮೆರಾ ಹಿಡಿದ ಮನುಷ್ಯ. ಎದುರಿಗೇ ಜೀವ ಹೋಗುತ್ತಿದ್ದರೂ ಅವನು ಶೂಟಿಂಗ್ ನಿಲ್ಲಿಸುವುದಿಲ್ಲ.

1960ರ 'ಪೀಪಿಂಗ್ ಟಾಮ್' ನೋಡಿ. ಅದರ ನಾಯಕ ಮಾರ್ಕ್ ಒಂದು ಸಿನಿಮಾ ಸ್ಟುಡಿಯೋದಲ್ಲಿ ಫೋಕಸ್ ಪುಲ್ಲರ್, ಅಂದರೆ ಕ್ಯಾಮೆರಾದ ಫೋಕಸ್ ನೋಡಿಕೊಳ್ಳುವ ಸಹಾಯಕ, ಮೆದು ಮಾತಿನ ಹುಡುಗ. ಅವನ ಟ್ರೈಪಾಡ್‌ನ ಒಂದು ಕಾಲಿನಲ್ಲಿ ಚೂಪಾದ ಅಲಗು ಇದೆ, ಜೊತೆಗೊಂದು ಕನ್ನಡಿ. ಸಾಯುವವಳು ತನ್ನ ಮುಖದ ಭಯವನ್ನು ತಾನೇ ನೋಡುತ್ತಾ ಸಾಯಬೇಕು, ಅದನ್ನು ಅವನು ಚಿತ್ರೀಕರಿಸಬೇಕು! ಚಿಕ್ಕವನಿದ್ದಾಗ ಇವನನ್ನೇ ಹೆದರಿಸಿ ಹೆದರಿಸಿ ಅಪ್ಪ ಫಿಲ್ಮ್ ಮಾಡಿಟ್ಟಿದ್ದ. ಆ ಅಪ್ಪನಾಗಿ ಕಾಣಿಸಿಕೊಂಡವರು ನಿರ್ದೇಶಕ ಮೈಕೆಲ್ ಪೊವೆಲ್, ಆ ಮಗುವಾಗಿ ಅವರ ಸ್ವಂತ ಮಗ. ಇದು ಗೊತ್ತಾದ ಮೇಲೆ ಆ ದೃಶ್ಯಗಳನ್ನು ನನಗೆ ಮೊದಲಿನ ಹಾಗೆ ನೋಡಲು ಆಗಲೇ ಇಲ್ಲ. ಆಗಿನ ಬ್ರಿಟಿಷ್ ವಿಮರ್ಶಕರು ಚಿತ್ರವನ್ನು ಹರಿದು ಹಾಕಿದರು, ಪೊವೆಲ್‌ಗೆ ಅಲ್ಲಿ ಕೆಲಸ ಸಿಗುವುದೇ ಕಷ್ಟವಾಯಿತು. ತುಂಬಾ ಅನ್ಯಾಯ ಅದು.

2000ದಲ್ಲಿ ಬಂದ 'ಶ್ಯಾಡೋ ಆಫ್ ದಿ ವ್ಯಾಂಪೈರ್' ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. 1922ರ 'ನೊಸ್ಫೆರಾಟು' ಚಿತ್ರದಲ್ಲಿ ರಕ್ತಪಿಶಾಚಿಯಾಗಿ ನಟಿಸಿದ ಮ್ಯಾಕ್ಸ್ ಶ್ರೆಕ್ ನಿಜವಾಗಲೂ ರಕ್ತಪಿಶಾಚಿಯೇ ಆಗಿದ್ದರೆ ಅನ್ನುವುದು ಕಲ್ಪನೆ. (ನಿಜದ ಶ್ರೆಕ್ ಒಬ್ಬ ರಂಗನಟ, ಪಾಪ.) ಇಲ್ಲಿ 'ನೊಸ್ಫೆರಾಟು' ನಿರ್ದೇಶಕ ಮುರ್ನೌ ಆ ಪಿಶಾಚಿಗೆ ಸಂಬಳದ ಬದಲು ನಾಯಕಿಯನ್ನೇ ಕೊಡುವುದಾಗಿ ಒಪ್ಪಿಕೊಂಡಿರುತ್ತಾನೆ. ಕೊನೆಯಲ್ಲಿ ಸುತ್ತಲೂ ಹೆಣ ಬೀಳುತ್ತಿದ್ದರೂ ಕ್ಯಾಮೆರಾದ ಹಿಡಿ ತಿರುಗಿಸುತ್ತಲೇ ನಿಂತಿರುತ್ತಾನೆ. ಪಿಶಾಚಿಗೆ ಹಸಿವು, ಅದು ಅರ್ಥವಾಗುತ್ತದೆ. ಇವನಿಗೇನಾಗಿದೆ?

ಜಪಾನಿನ 'ಒನ್ ಕಟ್ ಆಫ್ ದಿ ಡೆಡ್' (2017) ಚಿತ್ರದ ಮೂಲ ಹೆಸರಿನ ಅರ್ಥವೇ 'ಕ್ಯಾಮೆರಾ ನಿಲ್ಲಿಸಬೇಡ'. ಮೊದಲ 37 ನಿಮಿಷ ಒಂದೇ ಶಾಟ್. ನಿಜವಾದ ಜೋಂಬಿಗಳು ಬಂದವಲ್ಲ, ಕೊನೆಗೂ ನಟಿಯ ಮುಖದಲ್ಲಿ ನಿಜವಾದ ಭಯ ಕಾಣಿಸಿತಲ್ಲ ಅಂತ ಕಥೆಯೊಳಗೆ ಜೋಂಬಿ ಸಿನಿಮಾ ಮಾಡುತ್ತಿರುವ ನಿರ್ದೇಶಕ ಖುಷಿಯಿಂದ ಕೂಗಾಡುತ್ತಾನೆ. ಆಮೇಲೆ ಏನಾಗುತ್ತದೆ ಅಂತ ಹೇಳುವುದಿಲ್ಲ, ಏನೂ ಓದದೆ ಸುಮ್ನೆ ನೋಡಿಬಿಡಿ.

ನನ್ನನ್ನು ಜಾಸ್ತಿ ಕಾಡುವುದು ಮಾತ್ರ 1999ರ 'ದಿ ಬ್ಲೇರ್ ವಿಚ್ ಪ್ರಾಜೆಕ್ಟ್'. ಒಬ್ಬ ಮಾಟಗಾತಿಯ ಬಗ್ಗೆ ಸಾಕ್ಷ್ಯಚಿತ್ರ ಮಾಡಲು ಅಮೆರಿಕದ ಮೇರಿಲ್ಯಾಂಡ್‌ನ ಕಾಡಿಗೆ ಹೋದ ಮೂವರು ವಿದ್ಯಾರ್ಥಿಗಳು. ನಟರೇ ಕ್ಯಾಮೆರಾ ಹಿಡಿದಿದ್ದರು, ದಿನ ಕಳೆದಂತೆ ಅವರಿಗೆ ಕೊಡುವ ಊಟ ಕಡಿಮೆ ಮಾಡಿದ್ದರು, ಹಾಗಾಗಿ ಆ ಸುಸ್ತು, ಆ ಸಿಡುಕು ಎಲ್ಲಾ ಮುಖದ ಮೇಲೆ ಎದ್ದು ಕಾಣುತ್ತದೆ. ದಾರಿ ತಪ್ಪಿ, ಹಸಿದು, ಜಗಳವಾಡಿ, ಬೇಡ ನಿಲ್ಲಿಸು ಅಂತ ಬೈಸಿಕೊಂಡರೂ ಅವರಲ್ಲಿ ಹೆದರ್ ಅನ್ನುವ ಹುಡುಗಿ ಮಾತ್ರ ಚಿತ್ರೀಕರಿಸುತ್ತಲೇ ಇರುತ್ತಾಳೆ. ಅವಳ ಮೇಲೆ ನನಗೆ ಸಿಟ್ಟು ಬರುವುದಿಲ್ಲ. ಲೆನ್ಸ್ ಮೂಲಕ ನೋಡಿದರೆ ಎದುರಿಗಿರುವುದು ಸ್ವಲ್ಪ ದೂರ ಇದೆ ಅನಿಸುತ್ತದೆ ಅಲ್ವಾ? ಅವಳ ಬಳಿ ಉಳಿದಿದ್ದ ಧೈರ್ಯ ಅದೊಂದೇ.

ಕೊನೆಗೆ ಆ ಪಾಳುಮನೆಯ ನೆಲಮಾಳಿಗೆಯಲ್ಲಿ ಅವಳ ಜೊತೆಗಾರ ಮೈಕ್‌ನ ಕ್ಯಾಮೆರಾ ಮೊದಲು ಬೀಳುತ್ತದೆ. ಕಿರುಚುತ್ತಾ ಇಳಿದು ಬಂದ ಹೆದರ್‌ಗೆ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ನಿಂತ ಮೈಕ್ ಕಾಣಿಸುತ್ತಾನೆ. ಅಷ್ಟರಲ್ಲಿ ಅವಳ ಕ್ಯಾಮೆರಾವೂ ನೆಲಕ್ಕೆ. ಹಿಡಿಯುವವರಿಲ್ಲದೆ ಅದು ಸ್ವಲ್ಪ ಹೊತ್ತು ಹಾಗೇ ಓಡುತ್ತಿರುತ್ತದೆ.