ಪಕ್ಕದ ಜಾಗ

14 ಜನವರಿ 2025, ಮಂಗಳವಾರ
ಲಕ್ಸರ್, ಈಜಿಪ್ಟ್, ನೈಲ್ ನದಿಯ ಪಶ್ಚಿಮ ದಂಡೆ

ರಾತ್ರಿ ಹತ್ತೂವರೆ. ಅಪ್ಪ ಇನ್ನೂ ಮಲಗಿಲ್ಲ. ಹೋಟೆಲಿನ ಜಗಲಿಯಲ್ಲಿ ಶಾಲು ಹೊದ್ದು ನೈಲ್ ನೋಡುತ್ತಾ ಕೂತಿದ್ದಾನೆ. ಆಚೆ ದಡದ ಲಕ್ಸರ್ ದೇವಸ್ಥಾನದ ದೀಪಗಳು ನೀರಿನ ಮೇಲೆ ಉದ್ದುದ್ದಕ್ಕೆ ಬಿದ್ದಿವೆ. "ಒಳಗೆ ಬಾರಪ್ಪ, ಚಳಿ" ಅಂದೆ. "ಬತ್ತೀನಿ ಕಣವ್ವ, ನೀ ಮಲಿಕ್ಕೊ" ಅಂದ. ಹೀಗೆ ಎರಡು ಸಲ ಆಯಿತು.

ಇವತ್ತು ಸಂಕ್ರಾಂತಿ. ಅವ್ವ ಹೋಗಿ ವರ್ಷ ತುಂಬಿಲ್ಲ, ನಮಗೆ ಹಬ್ಬ ಇಲ್ಲ. ಊರಲ್ಲಿದ್ದಿದ್ದರೆ ಬೀದಿ ತುಂಬ ಕಿಚ್ಚು ಹಾಯಿಸುವ ಗದ್ದಲ, ನಮ್ಮ ಮನೆಯ ಮುಂದೆ ಮಾತ್ರ ರಂಗೋಲಿಯೂ ಇರುತ್ತಿರಲಿಲ್ಲ. ಅಪ್ಪ ಅದನ್ನು ನೋಡುತ್ತಾ ಕೂರಬಾರದು ಅಂತಲೇ ಹಟ ಹಿಡಿದು ಕರೆತಂದೆ. "ಗೋರಿ ತೋರಿಸೋಕೆ ಕರ್ಕೊಂಡೋಗ್ತೀಯಾ?" ಅಂತ ಅಣ್ಣ ಬೈದಿದ್ದ. ಆ ಮಾತು ಇನ್ನೂ ಚುಚ್ಚುತ್ತಿದೆ.

ಬಂದ ದಿನದಿಂದ ಅಪ್ಪನ ಕಣ್ಣೆಲ್ಲ ಕಬ್ಬಿನ ಮೇಲೆ. ಈ ದಂಡೆಯಲ್ಲಿ ಎಲ್ಲಿ ನೋಡಿದರೂ ಕಬ್ಬಿನ ಗದ್ದೆ, ಕಬ್ಬು ಸಾಗಿಸಲಿಕ್ಕೆ ಗದ್ದೆಗಳ ನಡುವೆಯೇ ಪುಟ್ಟ ರೈಲಿನ ಹಳಿ. ಮೊದಲೆಲ್ಲ ವರ್ಷಕ್ಕೊಮ್ಮೆ ನೈಲ್ ಉಕ್ಕಿ ಹೊಲಕ್ಕೆ ಮೆಕ್ಕಲು ಮಣ್ಣು ತಂದು ಹಾಕುತ್ತಿತ್ತಂತೆ. 1970ರಲ್ಲಿ ಪೂರ್ತಿಯಾದ ಆಸ್ವಾನ್ ಅಣೆಕಟ್ಟೆಯಿಂದಾಗಿ ಆ ನೆರೆ ನಿಂತೇ ಹೋಯಿತು. ಗೈಡ್ ಹೇಳಿದ್ದನ್ನು ನಾನು ಕನ್ನಡದಲ್ಲಿ ಹೇಳಿದಾಗ ಅಪ್ಪ ಕೇಳಿದ್ದು ಒಂದೇ: "ಹಂಗಾರೆ ಗೊಬ್ರಕ್ಕೇನ್ ಮಾಡ್ತಾರೆ?"

ಟುಟಾಂಖಾಮನ್‌ನ ಗೋರಿಯಲ್ಲಿ ಅಪ್ಪ ಎರಡು ನಿಮಿಷವೂ ನಿಲ್ಲಲಿಲ್ಲ. ಗಾಜಿನ ಪೆಟ್ಟಿಗೆಯಲ್ಲಿ ಮಲಗಿದ್ದ ಆ ಹುಡುಗ ರಾಜನನ್ನು ನೋಡಿ ಕೈಮುಗಿದು ಹೊರಗೆ ಬಂದುಬಿಟ್ಟ.

ಆಮೇಲೆ ದೇರ್ ಎಲ್-ಮದೀನಾ. ರಾಜರ ಗೋರಿಗಳನ್ನು ಕೊರೆದು ಬಣ್ಣ ಬಳಿದ ಕೆಲಸಗಾರರ ಹಳ್ಳಿ ಅದು. ಬಿಡುವಿದ್ದಾಗ ಅವರು ತಮಗೂ ಅಲ್ಲೇ ಗುಡ್ಡದಲ್ಲಿ ಗೋರಿ ಕೊರೆದುಕೊಂಡಿದ್ದಾರೆ. ಸೆನ್ನೆಜೆಮ್ ಅನ್ನುವವನದು ಒಂದು. 3,200 ವರ್ಷದ ಹಿಂದಿನವನು. ಕಡಿದಾದ ಮೆಟ್ಟಿಲು, ಬಗ್ಗಿಯೇ ಇಳಿಯಬೇಕು. ಮಂಡಿನೋವಿದೆ, ಬೇಡ ಅಂದರೂ ಅಪ್ಪ ಗೋಡೆ ಹಿಡಿದು ಇಳಿದ.

ಒಳಗೆ ಸಣ್ಣ ಕೋಣೆ, ಗೋಡೆಯೆಲ್ಲ ಅರಿಶಿನ ಬಣ್ಣ. ಒಂದು ಗೋಡೆಯಲ್ಲಿ ಗಂಡ ಎರಡು ಹಸು ಕಟ್ಟಿ ಉಳುತ್ತಿದ್ದಾನೆ. ಹಿಂದೆ ಹೆಂಡತಿ, ಕೈಯಲ್ಲಿ ಪುಟ್ಟ ಬುಟ್ಟಿ, ಬೀಜ ಎರಚುತ್ತಾ ಬರುತ್ತಿದ್ದಾಳೆ. ಸತ್ತ ಮೇಲೆ ಹೋಗುವ ಲೋಕದ ಹೊಲವಂತೆ ಅದು.

ಅಪ್ಪ ತುಂಬ ಹೊತ್ತು ನೋಡಿದ. "ಬಿಳಿ ಬಟ್ಟೆ ಉಟ್ಕೊಂಡು ಉಳ್ತಾವ್ನೆ ನೋಡವ್ವ. ಅಲ್ಲಿ ಕೆಸ್ರಿಲ್ಲ ಅಂತ ಕಾಣ್ತದೆ." ಆಮೇಲೆ ಮೆಲ್ಲಗೆ, "ನಿಮ್ಮವ್ವನೂ ಹಿಂಗೇಯ. ನಾ ನೇಗ್ಲು ಹಿಡಿದ್ರೆ ಹಿಂದೆ ಅಕ್ಕಡಿ ಸಾಲಿಗೆ ಕಾಳು ಬುಡ್ತಾ ಬತ್ತಿದ್ಲು. ಒಂದಿನಾನೂ ನಂಗೆ ತಿರುಗಿ ನೋಡೋ ಹಂಗಾಗ್ಲಿಲ್ಲ. ಬತ್ತಾವ್ಳೆ ಅಂತ ಗೊತ್ತಿರೋದು."

ಹತ್ತು ತಿಂಗಳಲ್ಲಿ ಅಪ್ಪ ಅವ್ವನ ಬಗ್ಗೆ ಆಡಿದ ಮೊದಲ ಮಾತು. ಗೈಡ್ ಏನೋ ಹೇಳುತ್ತಲೇ ಇದ್ದ, ನನಗೆ ಒಂದಕ್ಷರ ಕಿವಿಗೆ ಬೀಳಲಿಲ್ಲ.

"ಇಬ್ರೂ ಇಲ್ಲೇ ಅವ್ರಾ?" ಅಂತ ಅಪ್ಪ ಕೇಳಿದ. ನಾನು ಹ್ಞೂ ಅಂದೆ.

ಹೊರಗೆ ಬಂದಾಗ ಬಿಸಿಲು ಕಣ್ಣಿಗೆ ಹೊಡೆಯಿತು. ಅಪ್ಪನ ಮುಖ ಗೆಲುವಾಗಿತ್ತು. ಮೂರನೇ ರಾಮ್ಸೆಸ್ ಅನ್ನುವ ರಾಜನ ಆಳ್ವಿಕೆಯ 29ನೇ ವರ್ಷದಲ್ಲಿ ಇದೇ ಹಳ್ಳಿಯ ಕೆಲಸಗಾರರು ಕೂಲಿಯ ಧಾನ್ಯ ಬರದೆ ಹಸಿವು, ಬಾಯಾರಿಕೆ, ಬಟ್ಟೆಯಿಲ್ಲ, ಮೀನಿಲ್ಲ, ತರಕಾರಿಯಿಲ್ಲ ಅಂತ ಕೆಲಸ ಬಿಟ್ಟು ಹೋಗಿ ದೇವಸ್ಥಾನದ ಹತ್ತಿರ ಕೂತರಂತೆ. ಬರಹದಲ್ಲಿ ಉಳಿದಿರುವ ಮೊದಲ ಮುಷ್ಕರ ಅದು. "ಕಬ್ಬಿನ ಬಿಲ್ ಬರ್ದಿದ್ದಾಗ ನಾವೂ ರಸ್ತೇಲಿ ಕೂತಿದ್ವಲ್ಲ, ಅವತ್ತು ನಿಮ್ಮವ್ವ ಬುತ್ತಿ ತಂದಿದ್ಲು" ಅಂದ. ಎರಡನೇ ಸಲ ಅವ್ವನ ಮಾತು. ಅಣ್ಣನಿಗೆ ಫೋನ್ ಮಾಡಿ ಹೇಳಬೇಕು.

ಊಟ ಆದ ಮೇಲೆ ಸುಮ್ಮನೆ ಮೊಬೈಲಿನಲ್ಲಿ ಹುಡುಕಿದೆ. ಹುಡುಕಬಾರದಿತ್ತು. 1886ರಲ್ಲಿ ಆ ಗೋರಿ ತೆರೆದಾಗ ಒಳಗಿದ್ದದ್ದೆಲ್ಲ ಬೇರೆ ಬೇರೆ ಕಡೆ ಹಂಚಿಹೋಗಿದೆ. ಸೆನ್ನೆಜೆಮ್‌ನ ಶವಪೆಟ್ಟಿಗೆ ಕೈರೋದಲ್ಲಿ. ಅವನ ಹೆಂಡತಿ ಇಯ್‌ನೆಫರ್ತಿಯ ಪೆಟ್ಟಿಗೆ ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಮ್ಯೂಸಿಯಂನಲ್ಲಿ. ನಡುವೆ ಸಮುದ್ರ.

ಅವ್ವನನ್ನು ತೋಟದ ಮೂಲೆಯಲ್ಲಿ, ಹಲಸಿನ ಮರದ ಕೆಳಗೆ ಮಣ್ಣು ಮಾಡಿದ್ದೇವೆ. ಪಕ್ಕದಲ್ಲಿ ಆರಡಿ ಜಾಗ ಬಿಟ್ಟು ಆಚೆಗೆ ಅಪ್ಪ ಬದು ಹಾಕಿಸಿದ್ದಾನೆ. ಯಾಕೆ ಅಂತ ಯಾರೂ ಕೇಳಲಿಲ್ಲ. ಬಾಳೆ ಹಾಕಬಹುದು ಅಂತ ಅಣ್ಣ ಒಮ್ಮೆ ಅಂದಾಗ ಅಪ್ಪ ಊಟ ಬಿಟ್ಟು ಎದ್ದುಹೋಗಿದ್ದ.

ನಾನು ಹ್ಞೂ ಅಂದದ್ದು ಸುಳ್ಳು ಅಂತ ಆಗ ನನಗೂ ಗೊತ್ತಿರಲಿಲ್ಲ. ಈಗ ಗೊತ್ತು.

ಅಪ್ಪ ಕುರ್ಚಿ ಸರಿಸಿದ ಸದ್ದು. ನಾಳೆ ಹೊರಡುವ ಮುಂಚೆ ಇನ್ನೊಂದು ಸಲ ಆ ಗಂಡ-ಹೆಂಡ್ತೀನ ನೋಡ್ಕೊಂಡು ಹೋಗೋಣ ಅಂದಿದ್ದಾನೆ. ಬೆಳಿಗ್ಗೆ ಗೈಡ್ ಬರುತ್ತಾನೆ, ಅಪ್ಪ ಕೈಸನ್ನೆಯಲ್ಲಾದರೂ ಅವನನ್ನು ಕೇಳಿಯೇ ಕೇಳುತ್ತಾನೆ. ಅಷ್ಟರೊಳಗೆ ನಾನು ಗೈಡಿಗೆ ಮೆಸೇಜ್ ಮಾಡಿ, ಇಲ್ಲ, ಅಪ್ಪನಿಗೇ